ಮೈಸೂರಿನಿಂದ ಗೆಳೆಯರೊಡನೆ ಸೈಕಲ್ ಪ್ರವಾಸ: ಮೊದಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ

ನಾವು ಆರು ಮಂದಿ ಗೆಳೆಯರು, ಎಲ್ಲರೂ ನಲವತ್ತರ ಆಸುಪಾಸಿನವರು, ಮೈಸೂರಿನ ಬೇರೆ ಬೇರೆ ಬಡಾವಣೆಗಳಲ್ಲಿದ್ದೇವೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತಮುತ್ತ ಸೈಕಲ್ ತುಳಿಯುವ ಅಭ್ಯಾಸವಾಗಿದೆ. ಇನ್ನು ಮೇಲೆ ತಿಂಗಳಿಗೊಂದು ಭಾನುವಾರ ಊರಾಚೆಯ ಪ್ರೇಕ್ಷಣೀಯ ಸ್ಥಳಗಳಿಗೆ ಸೈಕಲ್‌ನಲ್ಲೇ ಹೋಗಿಬರಬೇಕೆಂದು ಯೋಚಿಸಿದ್ದೇವೆ. ಶ್ರೀರಂಗಪಟ್ಟಣ, ರಂಗನತಿಟ್ಟು, ಕೃಷ್ಣರಾಜಸಾಗರ, ಸೋಮನಾಥಪುರ, ಚಾಮುಂಡಿಬೆಟ್ಟ ಇವು ಮನಸ್ಸಿನಲ್ಲಿವೆ. ಇಬ್ಬರ ಸೈಕಲ್‌ಗೆ ಗೇರ್ ಇಲ್ಲ. ಒಬ್ಬರಿಗೆ ಮಂಡಿನೋವು ಆಗಾಗ ಕಾಡುತ್ತದೆ. ಮೊದಲು ಎಲ್ಲಿಗೆ ಹೋಗುವುದು ಸರಿ, ಏನೇನು ಸಿದ್ಧತೆ ಬೇಕು ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಸರಸ್ವತಿಪುರಂನಿಂದ ಒಬ್ಬರು

ಮೊದಲನೆಯದಕ್ಕೆ ಶ್ರೀರಂಗಪಟ್ಟಣವನ್ನೇ ಆರಿಸಿಕೊಳ್ಳಿ. ಆದರೆ ಯಾವ ಸ್ಥಳವನ್ನು ಆರಿಸಿದರೂ ಮರಳಿ ಬರುವ ದಾರಿಯ ಲೆಕ್ಕವನ್ನು ಮೊದಲು ಹಾಕಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಶ್ರೀರಂಗಪಟ್ಟಣ ಸುಮಾರು 680 ಮೀಟರ್ ಎತ್ತರದಲ್ಲಿದೆ. ನೀವು ಹೆಸರಿಸಿದ ಸ್ಥಳಗಳಲ್ಲಿ ಬೆಟ್ಟವೊಂದನ್ನು ಬಿಟ್ಟರೆ ಉಳಿದವೆಲ್ಲ ಕಾವೇರಿಯ ದಡದಲ್ಲೋ ಅದರ ಸಮೀಪದ ಬಯಲಿನಲ್ಲೋ ಇರುವುದರಿಂದ, ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು. ಕಾರಿನಲ್ಲಿ ಓಡಾಡುವವರಿಗೆ ಇದು ಗಮನಕ್ಕೇ ಬರುವುದಿಲ್ಲ. ಬೆಳಗಿನ ತಂಪಿನಲ್ಲಿ, ಹೊರಟ ಹುಮ್ಮಸ್ಸಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಸಾಗಿದ ದಾರಿಯೇ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಒಂದೂವರೆ ಗಂಟೆ ಹಿಡಿಯಬಹುದು. ಆದ್ದರಿಂದ ನಿಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ಸಮಯವನ್ನು ಗೊತ್ತುಮಾಡಿ.

ಶ್ರೀರಂಗಪಟ್ಟಣ ಸೈಕಲ್‌ಗೆಂದೇ ಇರುವ ಊರು ಎಂದು ನನಗೆ ಅನ್ನಿಸುತ್ತದೆ. ಪಶ್ಚಿಮದ ಕೋಟೆ ಮತ್ತು ರಂಗನಾಥಸ್ವಾಮಿ ದೇವಸ್ಥಾನದಿಂದ ಪೂರ್ವದ ತುದಿಯ ಸಂಗಮದವರೆಗೆ ದ್ವೀಪದ ಉದ್ದಕ್ಕೂ ನೋಡುವ ಸ್ಥಳಗಳು ಚದುರಿಕೊಂಡಿವೆ. ನಡೆದು ನೋಡಲು ಅಂತರ ಹೆಚ್ಚು. ಕಾರಿನಲ್ಲಿ ಹೋದರೆ ಒಂದೊಂದು ಕಡೆಯೂ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ದ್ವೀಪ ತಲುಪಿದರೆ, ಟಿಕೆಟ್ ಇಲ್ಲದ ಜಾಗಗಳನ್ನು ಮೊದಲು ಮುಗಿಸಬಹುದು. ಕೋಟೆಗೋಡೆ, ಬಂದೀಖಾನೆ ಮತ್ತು ನದಿಯ ಉತ್ತರದ ಕವಲಿಗೆ ಅಡ್ಡಲಾಗಿರುವ ವೆಲ್ಲೆಸ್ಲಿ ಸೇತುವೆ ಈ ಹೊತ್ತಿಗೆ ಹೇಳಿಮಾಡಿಸಿದ ಜಾಗಗಳು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಮುಗಿದ ಈ ಸೇತುವೆಯಲ್ಲಿ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆಗೆ ಆಸರೆಯಾಗುವ ಚಾಚು), ತೊಲೆ ಎಲ್ಲವೂ ಕಲ್ಲಿನವೇ. ಕಾರಿನಲ್ಲಿ ಬಂದವರು ಸಾಮಾನ್ಯವಾಗಿ ಇದನ್ನು ನೋಡದೆ ಹೋಗುತ್ತಾರೆ. ಅಲ್ಲಿಂದ ತಿಂಡಿ ಮುಗಿಸಿ ದರಿಯಾ ದೌಲತ್ ಕಡೆಗೆ ಹೊರಟರೆ, ಅದು ಒಂಬತ್ತಕ್ಕೆ ತೆರೆಯುವ ವೇಳೆಗೆ ಸರಿಹೋಗುತ್ತದೆ. 1784ರಲ್ಲಿ ಕಟ್ಟಿದ ಈ ಅರಮನೆಯ ಗೋಡೆಗಳ ಮೇಲಿನ ಯುದ್ಧದ ಚಿತ್ರಗಳನ್ನು ಅವಸರದಲ್ಲಿ ನೋಡಬಾರದು. ಶುಕ್ರವಾರ ರಜೆಯಿರುತ್ತದೆ, ಭಾನುವಾರ ಹೋಗುವ ನಿಮಗೆ ತೊಂದರೆಯಿಲ್ಲ. ಗುಂಬಜ್, ಸಂಗಮ, ನಿಮಿಷಾಂಬ ದೇವಸ್ಥಾನ ಇವುಗಳಲ್ಲಿ ಯಾವುದಾದರೊಂದನ್ನು ಉಳಿಸಿಕೊಂಡು ಬಂದರೂ ನಷ್ಟವೇನಿಲ್ಲ, ಊರು ಹತ್ತಿರದಲ್ಲೇ ಇದೆ.

ರಸ್ತೆಯ ವಿಷಯ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್‌ಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಮತ್ತು ಅಲ್ಲಿ ಎದುರಿನಿಂದ ವಾಹನ ಬರುವುದಿಲ್ಲ ಎಂದು ನಂಬಿ ಅಕ್ಕಪಕ್ಕ ಮಾತನಾಡುತ್ತ ಸಾಗುವುದು ಅಪಾಯ. ಒಬ್ಬರ ಹಿಂದೆ ಒಬ್ಬರು ಹೋಗಿ, ಮಾತು ದ್ವೀಪದೊಳಗೆ ಹೋದ ಮೇಲೆ ಇರಲಿ.

ಜಯಪ್ರಕಾಶ ನಗರದಿಂದ ಒಬ್ಬರು

ಮೇಲಿನವರು ಏರಿನ ಬಗ್ಗೆ ಹೇಳಿದ್ದಾರೆ, ನಾನು ಗಾಳಿಯ ಬಗ್ಗೆ ಹೇಳುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ, ಆಷಾಢದಲ್ಲಂತೂ ಅದರ ಬಿರುಸನ್ನು ಕೇಳುವುದೇ ಬೇಡ. ಸೋಮನಾಥಪುರ ಮೈಸೂರಿನ ಪೂರ್ವಕ್ಕೆ, ಸುಮಾರು 35 ಕಿಲೋಮೀಟರ್ ದೂರದಲ್ಲಿದೆ. ಆ ದಿನಗಳಲ್ಲಿ ಹೋಗುವಾಗ ಗಾಳಿ ಬೆನ್ನಿಗಿರುವುದರಿಂದ ‘ನಾವು ಇಷ್ಟು ಚೆನ್ನಾಗಿ ತುಳಿಯುತ್ತೇವೆಯೇ’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಮರಳುವಾಗ ಏರು, ಎದುರುಗಾಳಿ, ಹಸಿವು ಮೂರೂ ಒಟ್ಟಿಗೆ ಸೇರುತ್ತವೆ. ಗೇರ್ ಇಲ್ಲದ ಸೈಕಲ್ ಇರುವವರನ್ನು ಆ ತಿಂಗಳುಗಳಲ್ಲಿ ಅಲ್ಲಿಗೆ ಕರೆದೊಯ್ಯುವುದು ಸಲ್ಲದು. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ಕಾಲ ಅದಕ್ಕೆ ಯೋಗ್ಯ.

ದೇವಾಲಯದ ಬಗ್ಗೆ ಹೇಳುವುದಾದರೆ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯವಿದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದಣಿದು ಹೋದವರಿಗೆ ಇದರ ಒಂದು ಅನುಕೂಲವೆಂದರೆ, ಅಂಗಳದ ಸುತ್ತ ಕಂಬಗಳ ಕೈಸಾಲೆಯಿದೆ. ಅದರ ನೆರಳಿನಲ್ಲಿ ಕುಳಿತುಕೊಂಡೇ ದೇವಾಲಯ ನಿಂತಿರುವ ನಕ್ಷತ್ರಾಕಾರದ ಜಗತಿಯನ್ನೂ (ಎತ್ತರದ ಕಟ್ಟೆ) ಮೂರು ಶಿಖರಗಳನ್ನೂ ನೋಡಬಹುದು. ಆಮೇಲೆ ಎದ್ದು ಹತ್ತಿರ ಹೋದರೆ, ಕೆಲವು ಶಿಲ್ಪಗಳ ಪೀಠದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಕೆತ್ತಿರುವುದು ಕಾಣುತ್ತದೆ. ಮೂರನೆಯದೋ ನಾಲ್ಕನೆಯದೋ ಪ್ರವಾಸಕ್ಕೆ ಇದನ್ನು ಇಟ್ಟುಕೊಳ್ಳಿ.

ಮಂಡ್ಯ ಕಡೆಯವರೊಬ್ಬರು

ಹಳ್ಳಿಯ ರಸ್ತೆಗಳೇ ಸುರಕ್ಷಿತ ಎಂದು ಎಲ್ಲರೂ ಹೇಳುತ್ತಾರೆ. ವಾಹನ ಕಡಿಮೆ ಎಂಬುದು ನಿಜ, ಆದರೆ ಅಲ್ಲಿಯ ತೊಂದರೆಗಳು ಬೇರೆ. ಸುಗ್ಗಿಯ ಕಾಲದಲ್ಲಿ ರೈತರು ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಹುರುಳಿಯ ಬಳ್ಳಿ ಗೇರ್ ಇರುವ ಸೈಕಲ್‌ಗೆ ದೊಡ್ಡ ಶತ್ರು. ಅದರ ಮೇಲೆ ಹೋದರೆ ನಾರಿನಂಥ ಬಳ್ಳಿ ಹಿಂದಿನ ಗಾಲಿಯ ಹಲ್ಲುಚಕ್ರಗಳ ನಡುವೆ ಸುತ್ತಿಕೊಂಡು, ಚೈನಿನ ಜೊತೆಗೆ ಒಳಕ್ಕೆ ಎಳೆದುಕೊಂಡು, ಕೊನೆಗೆ ಪೆಡಲೇ ತಿರುಗದಂತಾಗುತ್ತದೆ. ಬಲವಾಗಿ ತುಳಿದರೆ ಗೇರ್ ಬದಲಿಸುವ ತೋಳು ಬಾಗುತ್ತದೆ. ಇಳಿದು, ಸೈಕಲನ್ನು ಎತ್ತಿಕೊಂಡು ಪಕ್ಕದಿಂದ ದಾಟಿಬಿಡಿ. ಹೇಗೂ ಹತ್ತಿಪ್ಪತ್ತು ಹೆಜ್ಜೆಯ ಕೆಲಸ. ಈ ವಿಷಯದಲ್ಲಿ ಗೇರ್ ಇಲ್ಲದ ನಿಮ್ಮ ಗೆಳೆಯರಿಬ್ಬರೇ ಪುಣ್ಯವಂತರು. ಕಾಳಿನ ರಾಶಿಯ ಮೇಲಂತೂ ಬ್ರೇಕ್ ಹಿಡಿಯಬೇಡಿ, ಗಾಲಿ ಜಾರುತ್ತದೆ.

ಎರಡನೆಯದು ಮುಳ್ಳು. ಜಾಲಿಮುಳ್ಳು ಕಣ್ಣಿಗಾದರೂ ಕಾಣುತ್ತದೆ, ರಸ್ತೆಯಂಚಿನ ನೆಗ್ಗಿಲುಮುಳ್ಳು ಕಾಣುವುದಿಲ್ಲ. ಫೋಟೊ ತೆಗೆಯಲು ಸೈಕಲನ್ನು ಹುಲ್ಲಿನೊಳಕ್ಕೆ ತಳ್ಳಿಕೊಂಡು ಹೋಗುವ ಚಟವಿರುವವರಿಗೇ ಪಂಕ್ಚರ್ ಹೆಚ್ಚು. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯಲ್ಲಿ ಬೆರಳನ್ನು ನಿಧಾನವಾಗಿ ಸುತ್ತಲೂ ಆಡಿಸಿ, ಮುರಿದು ಉಳಿದ ಮುಳ್ಳಿನ ಮೊನೆಯನ್ನು ತೆಗೆಯದಿದ್ದರೆ ಹೊಸ ಟ್ಯೂಬೂ ನೂರು ಗಜ ಹೋಗುವಷ್ಟರಲ್ಲಿ ಕೂರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಆದರೆ ನಿಮ್ಮ ಸೈಕಲ್‌ನದು ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಅವರ ಪಂಪಿನ ಬಾಯಿ ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಕಿಸೆಯಲ್ಲಿಟ್ಟುಕೊಳ್ಳಿ.

ಕಬ್ಬಿನ ಟ್ರ್ಯಾಕ್ಟರ್‌ಗಳ ಬಗ್ಗೆಯೂ ಒಂದು ಮಾತು. ಟ್ರೈಲರ್‌ನ ಎರಡೂ ಬದಿಗೆ ಜಲ್ಲೆಗಳು ಚಾಚಿಕೊಂಡಿರುತ್ತವೆ, ಚಾಲಕನಿಗೆ ಹಿಂದಿನದು ಕಾಣುವುದಿಲ್ಲ. ಹಿಂದೆ ಬಂದರೆ ರಸ್ತೆ ಬಿಟ್ಟು ಇಳಿದು ನಿಲ್ಲಿ.

ವಿಜಯನಗರ ಬಡಾವಣೆಯಿಂದ ಒಬ್ಬ ಮಹಿಳೆ

ನಮ್ಮದು ಬಹುಪಾಲು ಹೆಣ್ಣುಮಕ್ಕಳೇ ಇರುವ ಗುಂಪು. ಸ್ಥಳ, ರಸ್ತೆಗಳ ಬಗ್ಗೆ ಇಲ್ಲಿ ಬಂದಿರುವ ಸಲಹೆಗಳನ್ನು ಒಪ್ಪುತ್ತೇನೆ. ಆದರೆ ಗುಂಪು ಒಡೆಯುವುದು ರಸ್ತೆಯಿಂದಲ್ಲ, ವಿಶ್ರಾಂತಿಯ ವಿಷಯದಲ್ಲಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಮುಂದೆ ಹೋದವರು ಮರದಡಿ ನಿಂತು ಹಿಂದಿನವರಿಗಾಗಿ ಕಾಯುತ್ತಾರೆ, ಕೊನೆಯವರು ಏದುಸಿರು ಬಿಡುತ್ತ ಬಂದು ಸೇರಿದ ಕೂಡಲೇ ‘ಎಲ್ಲರೂ ಬಂದರಲ್ಲ, ಹೊರಡೋಣ’ ಎನ್ನುತ್ತಾರೆ. ಅಂದರೆ ಗಟ್ಟಿಗರಿಗೆ ಹತ್ತು ನಿಮಿಷ ವಿಶ್ರಾಂತಿ, ದಣಿದವರಿಗೆ ಒಂದು ಗುಟುಕು ನೀರು. ಎರಡು ಸಲ ಹೀಗಾದರೆ ಮುಂದಿನ ತಿಂಗಳು ಆ ಗೆಳೆಯರಿಗೆ ಮನೆಯಲ್ಲಿ ಏನೋ ಕೆಲಸವಿರುತ್ತದೆ. ಕೊನೆಯವರು ಬಂದ ಮೇಲೆಯೇ ವಿಶ್ರಾಂತಿಯ ಸಮಯ ಶುರುವಾಗಬೇಕು ಎಂಬ ನಿಯಮವನ್ನು ನಾವು ಮಾಡಿಕೊಂಡಿದ್ದೇವೆ. ನಿಧಾನದವರನ್ನು ಮುಂದೆ ಬಿಟ್ಟು, ಪಂಪು ಮತ್ತು ಸಲಕರಣೆ ಇರುವವರು ಕೊನೆಯಲ್ಲಿ ಬರುವುದು ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳು ಜೊತೆಗಿದ್ದರೆ ಶೌಚಾಲಯವನ್ನು ಮೊದಲೇ ಯೋಚಿಸಿ. ಟಿಕೆಟ್ ಕೊಟ್ಟು ಒಳಹೋಗುವ ಸ್ಥಳಗಳಲ್ಲಿ, ಹೆದ್ದಾರಿಯ ದೊಡ್ಡ ಹೋಟೆಲ್‌ಗಳಲ್ಲಿ ವ್ಯವಸ್ಥೆಯಿರುತ್ತದೆ. ಅವುಗಳ ನಡುವಿನ ದಾರಿಯಲ್ಲಿ ಇರುವುದಿಲ್ಲ. ಇದನ್ನು ಹೇಳಲು ಸಂಕೋಚಪಟ್ಟು ನೀರು ಕುಡಿಯದೆ ತುಳಿಯುವವರಿದ್ದಾರೆ.

ಕೃಷ್ಣರಾಜಸಾಗರಕ್ಕೆ ಹೋಗುವುದಾದರೆ ಅಣೆಕಟ್ಟೆಯ ಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಬೃಂದಾವನದ ದೀಪದ ಕಾರಂಜಿ ಸಂಜೆಯದು. ಸಂಜೆ ಅದನ್ನು ನೋಡಿಕೊಂಡು ಕತ್ತಲಲ್ಲಿ ಮರಳುವ ಯೋಜನೆಯನ್ನು ದಯವಿಟ್ಟು ಮಾಡಬೇಡಿ. ದಾರಿಯಲ್ಲಿ ಬಲಮುರಿಯಲ್ಲಿ ನೀರಿಗಿಳಿಯುವ ಆಸೆಯನ್ನೂ ಬಿಡಿ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ.

ಸಿದ್ಧಾರ್ಥನಗರದಿಂದ ಒಬ್ಬರು

ಎಲ್ಲರೂ ಬೆಟ್ಟವನ್ನು ಪಕ್ಕಕ್ಕಿಟ್ಟಿದ್ದೀರಿ. ಮನೆಯಿಂದ ಹತ್ತಿರ, ಸುಸ್ತಾದರೆ ತಿರುಗಿಕೊಂಡರೆ ಸಾಕು, ಬರುವಾಗ ಪೂರ್ತಿ ಇಳಿಜಾರು. ಮೊದಲ ಪ್ರವಾಸಕ್ಕೆ ಚಾಮುಂಡಿಬೆಟ್ಟವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ತುದಿಯವರೆಗೆ ಹೋಗಲಾಗದಿದ್ದರೆ ನಂದಿಯವರೆಗೆ ಹೋಗಿ. ದೊಡ್ಡ ದೇವರಾಜ ಒಡೆಯರ ಕಾಲದ ಆ ಏಕಶಿಲೆಯ ನಂದಿಯನ್ನು ಜನಸಂದಣಿಯಿಲ್ಲದ ಹೊತ್ತಿನಲ್ಲಿ ನೋಡುವುದೇ ಒಂದು ಭಾಗ್ಯ. ಆಷಾಢ ಶುಕ್ರವಾರಗಳನ್ನೂ ದಸರೆಯ ದಿನಗಳನ್ನೂ ಮಾತ್ರ ಬಿಟ್ಟುಬಿಡಿ.

ಸರಸ್ವತಿಪುರಂನವರು, ಮತ್ತೆ

ಬೆಟ್ಟದ ವಿಷಯದಲ್ಲಿ ನನ್ನ ಸಹಮತವಿಲ್ಲ. ನಗರದ ಮಟ್ಟದಿಂದ ಸುಮಾರು 300 ಮೀಟರ್ ಏರನ್ನು ಗೇರ್ ಇಲ್ಲದೆ ಏರುವವರು ಬಹುಪಾಲು ದಾರಿಯನ್ನು ತಳ್ಳಿಕೊಂಡೇ ಹೋಗಬೇಕಾಗುತ್ತದೆ. ಹೆಚ್ಚಿನ ಅಪಾಯವಿರುವುದು ಇಳಿಯುವಾಗ. ಹಳೆಯ ಸೈಕಲ್‌ಗಳ ಬ್ರೇಕ್ ಕಟ್ಟೆಗಳು ಸವೆದಿದ್ದರೆ ಸಮತಟ್ಟಿನ ರಸ್ತೆಯಲ್ಲಿ ಅದು ತಿಳಿಯುವುದೇ ಇಲ್ಲ, ಬೆಟ್ಟದ ತಿರುವಿನಲ್ಲಿ ತಿಳಿಯುತ್ತದೆ. ಬ್ರೇಕ್ ಕಟ್ಟೆ, ತಂತಿ ಎರಡನ್ನೂ ಹೊಸದು ಹಾಕಿಸಿ, ಮುಂದಿನದನ್ನೂ ಹಿಂದಿನದನ್ನೂ ಬಿಟ್ಟು ಬಿಟ್ಟು ಹಿಡಿಯುವುದನ್ನು ಅಭ್ಯಾಸ ಮಾಡಿದ ಮೇಲೆ ಬೆಟ್ಟಕ್ಕೆ ಹೋಗಲಿ. 2017ರಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಕೂಡ ನಗರದೊಳಗಿನ ಓಡಾಟಕ್ಕೆಂದೇ ಇರುವುದು. ಅದನ್ನು ತೆಗೆದುಕೊಂಡು ಬೆಟ್ಟ ಹತ್ತುವುದು ಬೇಡ.

ರಂಗನತಿಟ್ಟಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ಅದು ಶ್ರೀರಂಗಪಟ್ಟಣಕ್ಕೆ ಹತ್ತಿರವೆಂದು ಒಂದೇ ದಿನದಲ್ಲಿ ಎರಡನ್ನೂ ತುರುಕಬೇಡಿ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ) ಈ ಜಾಗಕ್ಕೆ ಚಳಿಗಾಲದ ಒಂದು ಇಡೀ ಬೆಳಗು ಬೇಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ನೋಡಲು ದೋಣಿಗಾಗಿ ಸರದಿಯಲ್ಲಿ ಕಾಯುವುದೂ ಇರುತ್ತದೆ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರ ನಿಲ್ಲಿಸುತ್ತಾರೆ. ಹೊರಡುವ ಮುನ್ನಾದಿನದ ಪತ್ರಿಕೆ ನೋಡಿದರೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಜನವರಿ ಕೊನೆಯಲ್ಲಿ ಶ್ರೀರಂಗಪಟ್ಟಣ ಎಂದು ನಿಶ್ಚಯಿಸಿದ್ದೇವೆ. ಮಂಡಿನೋವಿರುವ ಗೆಳೆಯರದೇ ಗೇರ್ ಇಲ್ಲದ ಸೈಕಲ್‌ಗಳಲ್ಲಿ ಒಂದು. ಅವರು ಬರಬಹುದೇ?

ಜಯಪ್ರಕಾಶ ನಗರದವರು

ವೈದ್ಯರು ಬೇಡವೆಂದಿರದಿದ್ದರೆ ಬರಲಿ, ಆದರೆ ಆ ಸೈಕಲ್‌ನಲ್ಲಿ ಬೇಡ. ಗೇರ್ ಇರುವವರಲ್ಲಿ ಮೈಗಟ್ಟಿ ಇರುವವರೊಬ್ಬರು ಕನಿಷ್ಠ ಮರಳುವ ದಾರಿಯಲ್ಲಾದರೂ ಸೈಕಲನ್ನು ಅದಲುಬದಲು ಮಾಡಿಕೊಳ್ಳಲಿ. ಬದಲಿಸಿಕೊಂಡ ಕೂಡಲೇ ಸೀಟಿನ ಎತ್ತರವನ್ನು ಸರಿಪಡಿಸಬೇಕು: ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ನಮ್ಮಲ್ಲಿ ಬಹಳ ಮಂದಿ ಎರಡೂ ಪಾದ ನೆಲಕ್ಕೆ ಊರಲಿ ಎಂದು ಸೀಟನ್ನು ತಗ್ಗಿಸಿಕೊಂಡಿರುತ್ತಾರೆ, ಮಂಡಿಯ ಮುಂಭಾಗ ನೋಯುವುದಕ್ಕೆ ಅದೂ ಒಂದು ಕಾರಣ. ಏರಿನಲ್ಲಿ ಹಗುರ ಗೇರ್ ಹಾಕಿಕೊಂಡು ಬೇಗ ಬೇಗ ತುಳಿಯಲಿ. ದಿನಾಂಕ ಗೊತ್ತುಮಾಡುವ ಮುನ್ನ ಪಂಚಾಂಗ ನೋಡಿ. ರಥಸಪ್ತಮಿಗೆ ರಂಗನಾಥಸ್ವಾಮಿಯ ತೇರು ಇರುವುದರಿಂದ ಆ ದಿನ ಪೇಟೆಯ ರಸ್ತೆಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗಲೂ ಜಾಗವಿರುವುದಿಲ್ಲ.