ಅಪ್ಪ-ಅಮ್ಮನಿಗೆ ರಕ್ತ, ಮೂತ್ರ ಪರೀಕ್ಷೆ: 80 ಟೆಸ್ಟಿನ ಪ್ಯಾಕೇಜ್ ಬೇಕಾ, ಯಾವ್ಯಾವುದು ಸಾಕು?

ಹೊನ್ನಾಳಿ_ಕಡೆಯವ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61, ಅಮ್ಮನಿಗೆ 55. ಇಬ್ಬರೂ ಊರಲ್ಲಿದ್ದಾರೆ, ಹೊನ್ನಾಳಿ ಹತ್ತಿರ. ನಾನು ಬೆಂಗಳೂರಲ್ಲಿ. ಅಪ್ಪನಿಗೆ ಬಿಪಿ ಇದೆ, ದಿನಾ ಒಂದು ಮಾತ್ರೆ ತಗೊಳ್ಳುತ್ತಾರೆ, ಆ ಮಾತ್ರೆ ಶುರುವಾದ ಮೇಲೆ ರಕ್ತ ಪರೀಕ್ಷೆ ಅಂತ ಒಮ್ಮೆಯೂ ಮಾಡಿಸಿಲ್ಲ. ಅಮ್ಮ ತನಗೇನೂ ಇಲ್ಲ ಅಂತಲೇ ಹೇಳುತ್ತಾರೆ, ಆದರೆ ಈ ಸಲ ಊರಿಗೆ ಹೋದಾಗ ನೋಡಿದೆ, ಸುಸ್ತು ಜಾಸ್ತಿ ಆಗಿದೆ, ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಅಜ್ಜಿಗೆ, ಅಂದರೆ ಅಮ್ಮನ ತಾಯಿಗೆ, ಸಕ್ಕರೆ ಕಾಯಿಲೆ ಇತ್ತು. ಕೊನೆಗೆ ಕಿಡ್ನಿ ಕೆಟ್ಟು ಡಯಾಲಿಸಿಸ್‌ವರೆಗೂ ಹೋಯಿತು.

ಇಬ್ಬರಿಗೂ ಒಂದು ಸಲ ಪೂರ್ತಿ ಪರೀಕ್ಷೆ ಮಾಡಿಸೋಣ ಅಂತ ಇದ್ದೇನೆ. ಫೋನ್ ತೆಗೆದರೆ ಸಾಕು, 80 ಟೆಸ್ಟ್, 100 ಟೆಸ್ಟ್ ಅಂತ ಜಾಹೀರಾತು. ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರಂತೆ. ನಿಜವಾಗಿ ಯಾವುದು ಬೇಕು? ಎಷ್ಟು ಹೊತ್ತು ಉಪವಾಸ ಇರಬೇಕು? ಮೂತ್ರ ಪರೀಕ್ಷೆ ಕೂಡ ಬೇಕಾ, ರಕ್ತ ಒಂದೇ ಸಾಕಾ? ದಯವಿಟ್ಟು ಗೊತ್ತಿರುವವರು ಹೇಳಿ.

ಲ್ಯಾಬ್_ಟೆಕ್ನಿಷಿಯನ್_ಶಿವಮೊಗ್ಗ

ಲ್ಯಾಬಿನಲ್ಲಿ ಕೆಲಸ ಮಾಡುವವನು ನಾನು. ಮೊದಲು ಆ 80ರ ಲೆಕ್ಕ ಹೇಳುತ್ತೇನೆ. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ, ಅನ್ನುವ ಒಂದೇ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್, ಎಂಸಿವಿ (ಕೆಂಪು ಕಣದ ಗಾತ್ರ) ಅಂತ 20ರ ಆಸುಪಾಸು ಸಾಲುಗಳು ಬರುತ್ತವೆ. ಮೂತ್ರದ ಸಾಮಾನ್ಯ ಪರೀಕ್ಷೆಯಲ್ಲಿ ಬಣ್ಣದಿಂದ ಹಿಡಿದು ಪಸ್ ಸೆಲ್‌ವರೆಗೆ ಇನ್ನೊಂದಷ್ಟು. ಲಿವರ್, ಕಿಡ್ನಿ, ಕೊಲೆಸ್ಟ್ರಾಲ್ ಸೇರಿಸಿದರೆ 60 ದಾಟುವುದು ಕಷ್ಟವೇ ಅಲ್ಲ. ಅವರು ಎಣಿಸುವುದು ಸಾಲುಗಳನ್ನು. ಹಾಗಾಗಿ ಸಂಖ್ಯೆ ನೋಡಿ ತಗೋಬೇಡಿ, ಒಳಗೆ ಏನಿದೆ ಅಂತ ಪಟ್ಟಿ ಕೇಳಿ ಓದಿ. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ಒಳ್ಳೆಯದು.

ಉಪವಾಸ ಅಂದರೆ 8ರಿಂದ 12 ಗಂಟೆ. ರಾತ್ರಿ 9ಕ್ಕೆ ಊಟ ಮುಗಿಸಿ ಬೆಳಿಗ್ಗೆ 7ಕ್ಕೆ ರಕ್ತ ಕೊಟ್ಟರೆ ಸರಿ ಹೋಗುತ್ತದೆ. ನೀರು ಧಾರಾಳವಾಗಿ ಕುಡಿಯಬಹುದು, ಕುಡಿದರೆ ನರ ಸಿಗುವುದೂ ಸುಲಭ. ಕಾಫಿ, ಟೀ, ಎಳನೀರು ಬೇಡ, ಸಕ್ಕರೆ ಹಾಕದಿದ್ದರೂ ಬೇಡ. ಎಲೆ ಅಡಿಕೆ, ಬೀಡಿ ಕೂಡ ಬೇಡ, ಇದನ್ನು ಯಾರೂ ಹೇಳುವುದಿಲ್ಲ, ನಮ್ಮ ಕಡೆ ಹಿರಿಯರು ಬೆಳಿಗ್ಗೆ ಎದ್ದ ಕೂಡಲೇ ಬಾಯಿಗೆ ಹಾಕಿಕೊಂಡು ಬರುತ್ತಾರೆ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ನೀರಿನ ಜೊತೆ ತಗೊಳ್ಳಬಹುದು. ಶುಗರ್ ಮಾತ್ರೆ ಇದ್ದರೆ ಮಾತ್ರ ತಿಂಡಿ ತಿನ್ನುವವರೆಗೆ ತಡೆಯಬೇಕು. ಥೈರಾಯ್ಡ್ ಮಾತ್ರೆ ತಗೊಳ್ಳುವವರು ರಕ್ತ ಕೊಟ್ಟ ಮೇಲೆ ನುಂಗಲಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ, ಥೈರಾಯ್ಡ್ ರಿಪೋರ್ಟ್ ತಪ್ಪು ತೋರಿಸಬಹುದು. ಹಿಂದಿನ ದಿನ ತೋಟದಲ್ಲಿ ಮೈಮುರಿಯುವ ಕೆಲಸ ಮಾಡಿದ್ದರೂ ಎಸ್‌ಜಿಒಟಿ (ಲಿವರ್ ಪರೀಕ್ಷೆಯ ಒಂದು ಸಾಲು) ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಕಾಣಬಹುದು, ಆ ದಿನ ಅಪ್ಪನಿಗೆ ಬಿಡುವು ಕೊಡಿ.

ಮನೆಗೆ ಬಂದು ತಗೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಸ್ಯಾಂಪಲ್ ಎಷ್ಟು ಹೊತ್ತಿಗೆ ಲ್ಯಾಬ್ ಮುಟ್ಟುತ್ತದೆ ಅಂತ ಕೇಳಿಯೇ ಕೇಳಿ. ಟ್ಯೂಬಿನಲ್ಲಿ ರಕ್ತದ ಕಣಗಳು ಇನ್ನೂ ಜೀವಂತ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕಣ ಬೇರೆ ಮಾಡದೆ ಹಾಗೇ ಇಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಶುಗರ್ ಇಳಿಯುತ್ತದೆ. ಅದಕ್ಕೇ ಶುಗರಿಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬೇರೆ ಇರುವುದು. ಇನ್ನು ರಕ್ತ ಎಳೆಯುವಾಗ ಕಣ ಒಡೆದುಹೋದರೆ ಪೊಟ್ಯಾಸಿಯಂ ಸುಮ್ನೆ ಜಾಸ್ತಿ ತೋರಿಸುತ್ತದೆ, ಮನೆಯವರೆಲ್ಲ ಗಾಬರಿ.

ತಾಲ್ಲೂಕು_ಆಸ್ಪತ್ರೆ_ಡಾಕ್ಟರಮ್ಮ

ಇವರು ಹೇಳಿದ್ದೆಲ್ಲ ಸರಿ. ನಾನು ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಮ್ಮನದು ಮಾಮೂಲಿ ತಪಾಸಣೆ ಅಲ್ಲ. ಸುಸ್ತು, ಏದುಸಿರು ಇದ್ದವರಿಗೆ ಪ್ಯಾಕೇಜ್ ಬುಕ್ ಮಾಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಹೃದಯದ್ದೂ ಇರಬಹುದು. ಕೊನೆಯದನ್ನು ರಕ್ತದ ಪ್ಯಾಕೇಜ್ ಹಿಡಿಯುವುದಿಲ್ಲ. ಇಸಿಜಿ ಬೇಕು, ಯಾರಾದರೂ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಕಾಲು ಊದಿದೆಯಾ ಅಂತ ಒತ್ತಿ ನೋಡಬೇಕು. ಎದೆ ನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ಆವತ್ತೇ ಆಸ್ಪತ್ರೆಗೆ.

ಅಮ್ಮನಿಗೆ ಸಿಬಿಸಿ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತೇವೆ. ಕಡಿಮೆ ಬಂದರೆ ಕಬ್ಬಿಣದ ಮಾತ್ರೆ ತಂದುಕೊಟ್ಟು ಸುಮ್ಮನಾಗಬೇಡಿ. 55ನೇ ವಯಸ್ಸಿಗೆ ಹೆಚ್ಚಿನವರಿಗೆ ಮುಟ್ಟು ನಿಂತಿರುತ್ತದೆ, ಹಾಗಾದರೆ ರಕ್ತ ಎಲ್ಲಿ ಹೋಗುತ್ತಿದೆ? ಹೊಟ್ಟೆಯಲ್ಲಿ ಹುಣ್ಣು, ಮೂಲವ್ಯಾಧಿ, ಕರುಳಿನಲ್ಲಿ ಗಡ್ಡೆ, ಇವನ್ನೆಲ್ಲ ಯೋಚಿಸಬೇಕಾಗುತ್ತದೆ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಮತ್ತೆ ರಕ್ತಸ್ರಾವ ಕಂಡಿದ್ದರೆ ಅದನ್ನೂ ಹೇಳಲೇಬೇಕು. ಅಮ್ಮಂದಿರು ಮಗನ ಹತ್ತಿರ ಹೇಳುವುದಿಲ್ಲ. ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅವರ ಕೈಲಿ ಕೇಳಿಸಿ.

ಶುಗರ್ ಇಬ್ಬರಿಗೂ ನೋಡಬೇಕು, ಅಮ್ಮನಿಗಂತೂ ತಾಯಿಗೇ ಇತ್ತು. ಖಾಲಿ ಹೊಟ್ಟೆಯಲ್ಲಿ 100ರ ಒಳಗೆ ಇದ್ದರೆ ಸರಿ, 100ರಿಂದ 125 ಅಂಚಿನಲ್ಲಿದ್ದ ಹಾಗೆ, 126 ಅಥವಾ ಜಾಸ್ತಿ ಬಂದರೆ ಇನ್ನೊಂದು ಸಲ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಎಚ್‌ಬಿಎ1ಸಿ ಹಿಂದಿನ 2-3 ತಿಂಗಳ ಸರಾಸರಿ ಹೇಳುತ್ತದೆ, 5.7ರ ಒಳಗೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಆದರೆ ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಇದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಮ್ಮನಿಗೆ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ ಅನ್ನುವುದು ಅದಕ್ಕೇ.

ಮೂತ್ರ ಬೇಕಾ ಅಂದಿರಿ. ಖಂಡಿತ ಬೇಕು. ಇಡೀ ಪಟ್ಟಿಯಲ್ಲಿ ಅಗ್ಗದ್ದು ಅದು, ಎಲ್ಲರೂ ಬಿಡುವುದೂ ಅದನ್ನೇ. ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ತಡವಾಗಿ ಏರುತ್ತದೆ, ಕಿಡ್ನಿಯ ಅರ್ಧದಷ್ಟು ಶಕ್ತಿ ಹೋದ ಮೇಲೂ ರಿಪೋರ್ಟಿನಲ್ಲಿ ಅದು ನಾರ್ಮಲ್ ಅಂತಲೇ ಇರಬಹುದು. ಬಿಪಿ, ಶುಗರ್ ಇರುವವರಲ್ಲಿ ಎಷ್ಟೋ ಸಲ ಅದಕ್ಕಿಂತ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರಲು ಶುರುವಾಗಿರುತ್ತದೆ. ಅದಕ್ಕೆ ಎಸಿಆರ್ ಅಂತ ಪರೀಕ್ಷೆ ಇದೆ, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. 30 ಮಿಲಿಗ್ರಾಂ ಒಳಗೆ ಇರಬೇಕು, ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ. ಮೂತ್ರಕ್ಕೆ ಸ್ಟ್ರಿಪ್ ಅದ್ದಿ ನೋಡುವ ಮಾಮೂಲಿ ಪರೀಕ್ಷೆಗೆ ಸಣ್ಣ ಸೋರಿಕೆ ಸಿಗದೆ ಹೋಗಬಹುದು. ಒಂದು ಸಲ ಜಾಸ್ತಿ ಬಂದರೆ ಜ್ವರ, ಸೋಂಕು ಇಲ್ಲದ ಹೊತ್ತಿನಲ್ಲಿ ಮತ್ತೆ ಮಾಡಿಸಿ, 3 ತಿಂಗಳಾದರೂ ಹಾಗೇ ಇದ್ದರೆ ಕಿಡ್ನಿ ತೊಂದರೆ ಅಂತ ಲೆಕ್ಕ. ಹಿಡಿದರೆ ಕಿಡ್ನಿ ಕೆಡುವುದನ್ನು ನಿಧಾನ ಮಾಡುವ ಮಾತ್ರೆಗಳಿವೆ. ನಿಮ್ಮ ಅಜ್ಜಿಯ ಕತೆ ಓದಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅಪ್ಪನಿಗೆ ಶುಗರ್, ಕ್ರಿಯಾಟಿನಿನ್ ಮತ್ತು ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಸೋಡಿಯಂ, ಪೊಟ್ಯಾಸಿಯಂ, ಕೊಲೆಸ್ಟ್ರಾಲ್, ಮೂತ್ರದ ಎಸಿಆರ್. ಕೆಲವು ಬಿಪಿ ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ, ಮೂತ್ರ ಜಾಸ್ತಿ ಮಾಡಿಸುವಂಥವು ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಇಳಿಸಬಹುದು. ಮತ್ತೆ ಬಿಪಿಯನ್ನೇ ಅಳೆಸಿ! ಮಾತ್ರೆ ತಗೊಳ್ಳುತ್ತಿದ್ದಾರೆ ಅಂದ ಮಾತ್ರಕ್ಕೆ ಹತೋಟಿಯಲ್ಲಿದೆ ಅಂತಲ್ಲ.

ತುಮಕೂರು_ತೆಂಗು

ಡಾಕ್ಟರಮ್ಮ ಹೇಳುವುದನ್ನು ಒಪ್ಪುತ್ತೇನೆ, ಆದರೂ ಒಂದು ಪ್ರಶ್ನೆ. ದುಡ್ಡಿದ್ದವರು ಎಲ್ಲವನ್ನೂ ಮಾಡಿಸಿದರೆ ಏನು ತೊಂದರೆ? ಕ್ಯಾನ್ಸರ್ ಮಾರ್ಕರ್, ಅಂದರೆ ಕ್ಯಾನ್ಸರ್ ಸುಳಿವು ಹುಡುಕುವ ರಕ್ತ ಪರೀಕ್ಷೆ, ಕೂಡ ಇರುವ ಪ್ಯಾಕೇಜ್ ಬರುತ್ತದೆ. ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ?

ತಾಲ್ಲೂಕು_ಆಸ್ಪತ್ರೆ_ಡಾಕ್ಟರಮ್ಮ

ಒಳ್ಳೆಯ ಪ್ರಶ್ನೆ. ರಿಪೋರ್ಟಿನಲ್ಲಿ ಪಕ್ಕಕ್ಕೆ ಬರೆದಿರುವ ನಾರ್ಮಲ್ ಮಿತಿ ಇದೆಯಲ್ಲ, ಅದನ್ನು ಹೆಚ್ಚಾಗಿ ಹೀಗೆ ಗುರುತಿಸುತ್ತಾರೆ: ಆರೋಗ್ಯವಾಗಿರುವ 100 ಜನರಲ್ಲಿ ನಡುವಿನ 95 ಜನರ ಅಳತೆ ಅದರೊಳಗೆ ಬರಬೇಕು. ಉಳಿದ 5 ಜನಕ್ಕೆ ಕಾಯಿಲೆ ಇಲ್ಲದಿದ್ದರೂ ದಪ್ಪ ಅಕ್ಷರ ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಿಗೂ ಒಂದಾದರೂ ಕೆಟ್ಟದ್ದಾಗಿ ಬರುವ ಸಾಧ್ಯತೆ 64 ಶೇಕಡಾ. ಆಮೇಲೆ ಅದರ ಬೆನ್ನು ಹತ್ತಿ ಸ್ಕ್ಯಾನ್, ಇನ್ನೊಂದು ಟೆಸ್ಟ್, ರಾತ್ರಿ ನಿದ್ದೆ ಇಲ್ಲ. ಈ ಮಾರ್ಕರ್‌ಗಳಲ್ಲಿ ಸಿಎ 125 ಮುಟ್ಟಿನ ಹೊತ್ತಿನಲ್ಲೂ ಏರುತ್ತದೆ, ಸಿಇಎ ಬೀಡಿ-ಸಿಗರೇಟು ಸೇದುವವರಲ್ಲಿ ಏರಿರುತ್ತದೆ. ಕ್ಯಾನ್ಸರ್ ಇದ್ದೂ ಇವು ನಾರ್ಮಲ್ ಬರುವುದುಂಟು, ಅದು ಇನ್ನೂ ಅಪಾಯ, ಜನ ಧೈರ್ಯವಾಗಿ ಕೂತುಬಿಡುತ್ತಾರೆ. ಆ ದುಡ್ಡಲ್ಲಿ ಅಮ್ಮನಿಗೆ ಗರ್ಭಕೊರಳಿನ ಮತ್ತು ಸ್ತನದ ಪರೀಕ್ಷೆ ಮಾಡಿಸಿ. ಅಪ್ಪ ಎಲೆ ಅಡಿಕೆ, ತಂಬಾಕು ಹಾಕುತ್ತಿದ್ದರೆ ಬಾಯಿ ತೋರಿಸಿ.

ಮಲ್ನಾಡ್_ಸೊಸೆ

ನಾನು ಹೇಳುವುದು ಒಂದೇ, ಹಳೇ ರಿಪೋರ್ಟ್ ಎಸೆಯಬೇಡಿ. ನಮ್ಮ ಮಾವನವರಿಗೆ ಪ್ರತಿ ವರ್ಷ ಮಾಡಿಸುತ್ತಿದ್ದೆವು. ಹಿಮೋಗ್ಲೋಬಿನ್ 15.1 ಇತ್ತು, ಆಮೇಲೆ 14.2, ಮುಂದಿನ ವರ್ಷ 13.2. ಮೂರೂ ನಾರ್ಮಲ್ ಅಂತಲೇ ಅಚ್ಚಾಗಿತ್ತು. ನಮ್ಮ ಊರಿನ ಹಳೇ ಡಾಕ್ಟರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಇದು ಯಾಕೆ ಇಳಿಯುತ್ತಾ ಹೋಗುತ್ತಿದೆ ಅಂತ ಕೇಳಿದರು. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದ ವಿಷಯ ಆಗ ಹೊರಗೆ ಬಂತು. ಎಂಡೋಸ್ಕೋಪಿ ಮಾಡಿಸಿದರೆ ಹೊಟ್ಟೆಯಲ್ಲಿ ಹುಣ್ಣು. ಈಗ ಆರಾಮಾಗಿದ್ದಾರೆ. ಆದ್ದರಿಂದ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ, ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.

ದಾವಣಗೆರೆ_ಬೆಣ್ಣೆ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಅದೇ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವತ್ತು ಬರಬೇಕು ಅಂತ ಹೇಳುತ್ತಾರೆ. ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಅಪ್ಪ-ಅಮ್ಮನ ತಪಾಸಣೆಯ ಬಿಲ್ಲಿಗೆ 5,000 ರೂಪಾಯಿವರೆಗೆ ವಿನಾಯಿತಿಯೂ ಸಿಗುತ್ತದೆ, ಅದು ಆರೋಗ್ಯ ವಿಮೆಯ ಕಂತಿಗೆ ಸಿಗುವ ವಿನಾಯಿತಿಯ ಒಟ್ಟು ಮಿತಿಯೊಳಗೇ ಬರುತ್ತದೆ.

ಹೊನ್ನಾಳಿ_ಕಡೆಯವ

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನನ್ನು ಮೊದಲು ಡಾಕ್ಟರಿಗೆ ತೋರಿಸುತ್ತೇನೆ, ನಾಳೆಯೇ ಅಕ್ಕ ಊರಿಗೆ ಹೊರಟಿದ್ದಾಳೆ. ಅಪ್ಪನಿಗೆ ಡಾಕ್ಟರಮ್ಮ ಬರೆದ ಪಟ್ಟಿ ಮಾತ್ರ. ಒಂದು ಅನುಮಾನ ಉಳಿಯಿತು. ಮೂತ್ರವನ್ನು ಮನೆಯಲ್ಲೇ ಹಿಡಿದು ಬಸ್ಸಲ್ಲಿ ತಗೊಂಡು ಹೋಗಬಹುದಾ?

ಲ್ಯಾಬ್_ಟೆಕ್ನಿಷಿಯನ್_ಶಿವಮೊಗ್ಗ

ಒಂದು, ಹೆಚ್ಚೆಂದರೆ ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸುವ ಹಾಗಿದ್ದರೆ ಮಾತ್ರ. ಬಿಸಿಲಲ್ಲಿ ಇಟ್ಟರೆ ಕ್ರಿಮಿ ಬೆಳೆಯುತ್ತದೆ, ಕಣಗಳು ಒಡೆಯುತ್ತವೆ, ಇಲ್ಲದ ಸೋಂಕು ಇದ್ದ ಹಾಗೆ ಕಾಣುತ್ತದೆ. ಲ್ಯಾಬಿನಲ್ಲಿ ಹಿಂದಿನ ದಿನವೇ ಡಬ್ಬಿ ಇಸಿದುಕೊಳ್ಳಿ, ಮನೆಯ ಔಷಧಿ ಬಾಟಲಿ ತೊಳೆದು ಅದರಲ್ಲಿ ತರಬೇಡಿ. ಎಸಿಆರ್‌ಗೆ ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಒಳ್ಳೆಯದು. ನೀರಿನಿಂದ ತೊಳೆದುಕೊಂಡು, ಮೊದಲು ಸ್ವಲ್ಪ ಹೊರಗೆ ಬಿಟ್ಟು, ನಡುವಿನದ್ದನ್ನು ಹಿಡಿಯಬೇಕು. ಬಸ್ಸು ತಡ ಆಗುವ ಹಾಗಿದ್ದರೆ ಅಪ್ಪ ಲ್ಯಾಬಿಗೇ ಬಂದು ಕೊಡಲಿ, ಮೊದಲ ಮೂತ್ರ ಅಲ್ಲದಿದ್ದರೂ ನಡೆಯುತ್ತದೆ, ಯಾವ ಹೊತ್ತಿನದು ಅಂತ ಡಬ್ಬಿ ಮೇಲೆ ಬರೆಸಿ. ಬರುವಾಗ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಜೇಬಿಗೆ ಹಾಕಿಕೊಂಡು ಬರಲಿ, ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.