ಪದಚರ್ಚೆ: ಫೀಲ್ಡ್ ರೆಕಾರ್ಡಿಂಗ್‌ಗೆ ‘ಬಯಲು’ ಹೊಂದುತ್ತದೆಯೇ? ‘ಮೇರುಕೃತಿ’ ಬೇಡ ಅನ್ನಿಸಿದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಒಂದು ಕೇಳುವ ಕೂಟ ಇಟ್ಟುಕೊಂಡಿದ್ದೇವೆ. ಊರಿನ ಸದ್ದುಗಳನ್ನು ರೆಕಾರ್ಡ್ ಮಾಡಿ ತಂದು, ಒಂದು ಕೋಣೆಯಲ್ಲಿ ಸ್ಪೀಕರ್ ಇಟ್ಟು ಎಲ್ಲರೂ ಕೂತು ಕೇಳುವುದು. ಬಂದವರಿಗೆ ಹಂಚಲು ಒಂದು ಪುಟದ ಬರಹ ಬೇಕಾಗಿದೆ. ಅದರಲ್ಲಿ ಎರಡು ಪದಗಳ ಹತ್ತಿರ ಕೈ ನಿಂತಿದೆ.

ಮೊದಲನೆಯದು ಫೀಲ್ಡ್ ರೆಕಾರ್ಡಿಂಗ್, ಅಂದರೆ ಸ್ಟುಡಿಯೋ ಬಿಟ್ಟು ಸದ್ದು ಇರುವಲ್ಲಿಗೇ ಹೋಗಿ ಹಿಡಿಯುವುದು. ‘ಕ್ಷೇತ್ರ ಧ್ವನಿಮುದ್ರಣ’ ಅನ್ನಬಹುದು. ಜಾನಪದದವರಿಗೆ ಕ್ಷೇತ್ರಕಾರ್ಯ ರೂಢಿಯ ಮಾತು, ಅವರಿಗೆ ಇದು ತೊಡಕಾಗದು. ಉಳಿದವರಿಗೆ ಕ್ಷೇತ್ರ ಅಂದರೆ ಪುಣ್ಯಕ್ಷೇತ್ರ, ಇಲ್ಲಾ ಚುನಾವಣೆಯ ಕ್ಷೇತ್ರ. ನನಗೆ ಹಿಡಿಸಿದ್ದು ‘ಬಯಲು’. ನಮ್ಮದು ಬಯಲುಸೀಮೆ, ನಮ್ಮ ಕಡೆ ಬಯಲಾಟವೂ ಇದೆ. ಬಯಲಾಟವನ್ನು ರಂಗಮಂದಿರದ ಒಳಗೆ ಆಡಿದರೂ ಅದು ಬಯಲಾಟವೇ ಅಲ್ವಾ? ಹಾಗಾದರೆ ಸ್ಟುಡಿಯೋದ ಹೊರಗೆ ಹಿಡಿದ ಯಾವ ಸದ್ದನ್ನಾದರೂ, ಅದು ನಾಲ್ಕು ಗೋಡೆಯ ನಡುವಿನದೇ ಆಗಲಿ, ‘ಬಯಲ ರೆಕಾರ್ಡಿಂಗ್’ ಅನ್ನಬಹುದು. ರೆಕಾರ್ಡಿಂಗ್ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ಇಲ್ಲಿ ಯಾರೂ ‘ಮುದ್ರಿಸಿಕೊಂಡೆ’ ಅನ್ನುವುದಿಲ್ಲ.

ಸೌಂಡ್ ಆರ್ಟ್‌ಗೆ ‘ಸದ್ದಿನ ಕಲೆ’ ಎಂದು ಬರೆದಿದ್ದೇನೆ, ಅಂದರೆ ಸದ್ದನ್ನೇ ಸಾಮಗ್ರಿ ಮಾಡಿಕೊಂಡ ಕಲೆ. ಧ್ವನಿ ಅಂದ ಕೂಡಲೇ ಮನುಷ್ಯರ ಕಂಠ ನೆನಪಾಗುತ್ತದೆ, ಕಾವ್ಯ ಓದಿದವರಿಗೆ ಸೂಚ್ಯಾರ್ಥ. ಶಬ್ದ ಅಂದರೆ ಒಂದು ಕಡೆ ಶಬ್ದಕೋಶ, ಇನ್ನೊಂದು ಕಡೆ ಶಬ್ದಮಾಲಿನ್ಯ. ನಾದ ಸಂಗೀತಕ್ಕೆ ಸೇರಿಹೋಗಿದೆ. ಸದ್ದು ಕೂಡ ಶಬ್ದದ ತದ್ಭವವೇ. ಆದರೂ ಅದಕ್ಕೆ ಮೇಲು ಕೀಳು ಅಂಟಿಲ್ಲ. ಪಾತ್ರೆಯದೂ ಸದ್ದೇ, ಗುಡುಗಿನದೂ ಸದ್ದೇ. ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಿಂದಾಗಿ ‘ದೃಶ್ಯಕಲೆ’ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಜೋಡಿಯಾಗಿ ‘ಶ್ರವ್ಯಕಲೆ’ ಇರಲಿ ಎಂದು ಒಬ್ಬರು ಹೇಳಿದರು. ನನಗೆ ಅದು ಕೇಳುವುದಕ್ಕಿಂತ ಪರೀಕ್ಷೆಗೆ ಓದುವುದಕ್ಕೆ ಹೊಂದುವ ಪದ ಅನ್ನಿಸಿತು.

ನಿಜವಾದ ಕಷ್ಟ ಎರಡನೆಯ ಪದದ್ದು, ಮಾಸ್ಟರ್‌ಪೀಸ್. ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಫ್ರಾನ್ಸಿನ ಸಂಗೀತ ಸಂಯೋಜಕ ಪಿಯೆರ್ ಶೆಫೆರ್ 1948ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಸದ್ದುಗಳನ್ನು ಹಿಡಿದು, ಕತ್ತರಿಸಿ, ಜೋಡಿಸಿ ಸಂಗೀತ ಅಂದರು. ಅಲ್ಲಿಯವರೇ ಆದ ಇನ್ನೊಬ್ಬ ಸಂಯೋಜಕ ಲೂಕ್ ಫೆರಾರಿ ಇನ್ನೂ ಮುಂದೆ ಹೋದರು. 1960ರ ದಶಕದ ಕೊನೆಗೆ, ಈಗ ಕ್ರೊವೇಷ್ಯಾದಲ್ಲಿರುವ ವೇಲಾ ಲೂಕಾ ಎಂಬ ಮೀನುಗಾರರ ಊರಲ್ಲಿ, ನಸುಕಿನಲ್ಲಿ ಕಿಟಕಿಯ ಬಳಿ ಮೈಕ್ ಇಟ್ಟರು. ದೋಣಿಯ ಮೋಟಾರು, ಜನರ ಮಾತು, ಕೊನೆಗೆ ಜೀರುಂಡೆ. ಬೇರೆಬೇರೆ ದಿನದ ಟೇಪುಗಳನ್ನು ಸೇರಿಸಿ ಸುಮಾರು 20 ನಿಮಿಷದ ಒಂದು ಬೆಳಗು ಮಾಡಿದರು. ಸೇರಿಸಿದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಇಟ್ಟ ಹೆಸರಿನ ಅರ್ಥ ‘ಹೆಚ್ಚುಕಮ್ಮಿ ಏನೂ ಇಲ್ಲ’. ಈಗ ಅದನ್ನೇ ಬಯಲ ರೆಕಾರ್ಡಿಂಗ್‌ನ ಮಾಸ್ಟರ್‌ಪೀಸ್ ಅನ್ನುತ್ತಾರೆ! ಈ ಮಾತನ್ನು ಪ್ರಶ್ನೆ ಮಾಡಬೇಕು ಅನ್ನುವುದೇ ನಮ್ಮ ಬರಹದ ತಿರುಳು.

‘ಮೇರುಕೃತಿ’ ಅಂತ ಬರೆದರೆ ಎರಡೂ ಕಡೆ ಸಿಕ್ಕಿಕೊಳ್ಳುತ್ತೇವೆ. ಮೇರು ಒಂದೇ ಬೆಟ್ಟ, ಮಿಕ್ಕಿದ್ದೆಲ್ಲ ಅದರ ಕೆಳಗೆ. ಜಪಮಾಲೆಯಲ್ಲೂ ಮೇರುಮಣಿ ಒಂದೇ, ಅದನ್ನು ದಾಟುವ ಹಾಗಿಲ್ಲ. ‘ಕೃತಿ’ ಅಂದರೆ ಮಾಡಿದ್ದು. ನಮ್ಮ ಗೆಳೆಯರೊಬ್ಬರು ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರದ ಬುಡದಲ್ಲಿ ಮೈಕ್ ಇಟ್ಟು, ದೂರ ಹೋಗಿ ಕೂತರು. ರೆಕ್ಕೆ ಕೆಳಗೆ ಬಂದಾಗಲೆಲ್ಲ ಒಂದು ‘ವುಫ್’, ನಡುವೆ ಯಂತ್ರದ ಗುಂಯ್, ಆಮೇಲೆ ಯಾರದೋ ಕುರಿಮಂದೆಯ ಗಂಟೆ ಹತ್ತಿರ ಬಂದು ಹಾಗೇ ದಾಟಿಹೋಗುತ್ತದೆ. ಇದು ಯಾರ ಕೃತಿ? ಗಾಳಿಯದೋ, ಕುರಿಯವರದೋ, ಮೈಕ್ ಇಟ್ಟವರದೋ? ನಾಳೆ ಅದೇ ಜಾಗದಲ್ಲಿ ಇಟ್ಟರೆ ಬೇರೆಯದೇ ಕೇಳುತ್ತದೆ. ಅದು ಇದಕ್ಕಿಂತ ಕಡಿಮೆ ಎಂದು ಹೇಳುವ ಅಳತೆ ನನ್ನ ಹತ್ತಿರ ಇಲ್ಲ.

ಹಾಗಂತ ಎಲ್ಲಾ ರೆಕಾರ್ಡಿಂಗೂ ಒಂದೇ ಎಂದು ನಾನು ಒಪ್ಪುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಇಬ್ಬರು ಹಿಡಿದದ್ದನ್ನು ಕೇಳಿದ್ದೇನೆ. ಒಂದರಲ್ಲಿ ಸುಮ್ನೆ ಗದ್ದಲ. ಇನ್ನೊಂದರಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದ ಮೇಲಿನ ಒಂದು ಗಳಿಗೆಯ ಮೌನ ಇದೆ. ಆಮೇಲೆ ಚಟ್, ಚಟ್ ಎಂದು ಬಿಡಿಬಿಡಿಯಾಗಿ. ನೋಡನೋಡುತ್ತಾ ಒಂದೇ ಸಮನೆ ಚರಚರ. ಕೊನೆಗೆ ಜರಡಿ: ಮರಳು ಸುಯ್ಯೆಂದು ಇಳಿಯುತ್ತದೆ, ಹಗುರಾದ ಮಂಡಕ್ಕಿ ಮೇಲೆ ಸರಸರ ಆಡುತ್ತದೆ. ಈ ಎರಡನೆಯವರು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಬಲ್ಲವರು. ಅದನ್ನು ಹೇಳಲು ಪದ ಬೇಕು.

ಯುರೋಪಿನಲ್ಲಿ ಮಾಸ್ಟರ್‌ಪೀಸ್ ಅಂದರೆ ಮೊದಲು ಕಸುಬುದಾರರು ತಮ್ಮ ಸಂಘದ ಮುಂದೆ ಇಡುತ್ತಿದ್ದ ವಸ್ತು. ಈತನ ಕೈ ಪಳಗಿದೆ ಎಂದು ಸಂಘ ಒಪ್ಪಿದರೆ ‘ಮಾಸ್ಟರ್’. ಅಲ್ಲಿ ಗೌರವ ವಸ್ತುವಿನಿಂದ ಕೈಗೆ ಹೋಗುತ್ತಿತ್ತು. ನಮ್ಮ ಆಡುಮಾತು ಈಗಲೂ ಹಾಗೇ ಇದೆ. ಬೆಣ್ಣೆದೋಸೆ ಹುಯ್ಯುವವರನ್ನು ‘ಎತ್ತಿದ ಕೈ’ ಅನ್ನುತ್ತೇವೆ, ಒಂದು ದೋಸೆಯನ್ನು ಎತ್ತಿ ಮೇರು ಅನ್ನುವುದಿಲ್ಲ. ಅದಕ್ಕೇ ನನ್ನ ಸಲಹೆ: ಈ ಕಲೆಯಲ್ಲಿ ಮೆಚ್ಚುಗೆ ಕಿವಿಗೆ ಹೋಗಲಿ. ‘ಇದು ಮೇರುಕೃತಿ’ ಅನ್ನುವ ಬದಲು ‘ಪಳಗಿದ ಕಿವಿ’ ಅನ್ನೋಣ. ಕೂಟದಲ್ಲಿ ಕೇಳಿಸುವ ಒಂದೊಂದನ್ನೂ ಕೃತಿ ಅನ್ನದೆ ‘ಆಲಿಕೆ’ ಅನ್ನೋಣ, ಆಲಿಸುವುದರಿಂದ.

ನನ್ನ ಅನುಮಾನಗಳು ಇವು. ‘ಆಲಿಕೆ’ ಕೇಳುವ ಕೆಲಸಕ್ಕೆ ಸರಿ, ಕೇಳಿಸುವ ತುಣುಕಿಗೂ ಅದೇ ಪದ ಹೊಂದುತ್ತದಾ? ಯಾರಾದರೂ ಹಾಗೆ ಬಳಸಿದ್ದು ನೋಡಿದ್ದೀರಾ? ‘ಬಯಲು’ ಅಂದ ಕೂಡಲೇ ವಚನದ ಬಯಲು, ಅಂದರೆ ಶೂನ್ಯ, ನೆನಪಾಗಿ ಅರ್ಥ ಭಾರವಾಗುತ್ತದಾ? ‘ಸಪ್ಪಳ’ ನಮ್ಮಲ್ಲಿ ಹೆಜ್ಜೆಗೆ, ಬಳೆಗೆ, ಸಣ್ಣ ಸದ್ದಿಗೆ ಜಾಸ್ತಿ ಬಳಕೆ. ನಿಮ್ಮ ಕಡೆ ದೊಡ್ಡ ಸದ್ದಿಗೂ ಸಪ್ಪಳ ಅನ್ನುತ್ತೀರಾ? ಹಾಗೇ, ಮಿಲ್ಲಿನ ಸೈರನ್ನಿಗೆ ಕೆಲವರು ‘ಮಿಲ್ ಕೂಗ್ತು’ ಅನ್ನುತ್ತಾರೆ, ಕೆಲವರು ‘ಊದ್ತು’. ಹಳಬರ ಬಾಯಲ್ಲಿ ಯಾವುದು ಕೇಳಿದ್ದೀರಿ, ಯಾವ ಊರಲ್ಲಿ ಎಂದು ತಿಳಿಸಿ. ಮುಂದಿನ ವಾರ ಪುಟ ಪ್ರಿಂಟಿಗೆ ಹೋಗಬೇಕು.