ಒಂದು ಭಾಗದ ಕಾನೂನು, ಇಡೀ ಸದನದ ಮತ

ಶಿರಸಿಯ ಅಡಿಕೆ ಬೆಳೆಗಾರ: ನಮ್ಮ ತೋಟದ ಗೊಬ್ಬರಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಬರುವುದು ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಿಂದ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉತ್ತರ ಕನ್ನಡದ ಬೆಟ್ಟ, ಹಾಡಿಗಳ ಸವಲತ್ತನ್ನು ಹೆಸರಿಸಿಯೇ ಉಳಿಸಿದೆ. ನಾಳೆ ಅದನ್ನು ತಿದ್ದ ಹೊರಟರೆ 224 ಶಾಸಕರೂ ಮತ ಹಾಕುತ್ತಾರೆ. ಅವರಲ್ಲಿ ಈ ಜಿಲ್ಲೆಯವರು ಆರೇ ಜನ. ಒಂದು ಭಾಗಕ್ಕೆ ಮಾತ್ರ ತಗಲುವ ಕಾನೂನಿಗೆ ಆ ಭಾಗದ ಸದಸ್ಯರ ಒಪ್ಪಿಗೆ ಬೇಕೆಂಬ ನಿಯಮ ಎಲ್ಲಾದರೂ ಇದೆಯೇ?

ಕಾರವಾರದ ವಕೀಲ: ಬ್ರಿಟನ್ನಿನಲ್ಲಿ ಇತ್ತು. ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬಂದರೆ, ಆಮೇಲೂ ಅಲ್ಲಿಯ ಸಂಸದರು ಇಂಗ್ಲೆಂಡಿನ ವಿಷಯಗಳಿಗೆ ಮತ ಹಾಕುವುದು, ಇಂಗ್ಲೆಂಡಿನವರಿಗೆ ಮಾತ್ರ ಸ್ಕಾಟ್ಲೆಂಡಿನ ವಿಷಯಗಳಲ್ಲಿ ಮತವಿಲ್ಲದಿರುವುದು ಯಾವ ನ್ಯಾಯ ಎಂದು ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್ ಕ್ಷೇತ್ರದ ಸಂಸದ ಟ್ಯಾಮ್ ಡಲ್ಯೆಲ್ 1977ರಲ್ಲಿಯೇ ಕೇಳಿದ್ದರು. 2004ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕ ಏರಿಸುವ ಮಸೂದೆ ಎರಡನೇ ವಾಚನದಲ್ಲಿ ಐದೇ ಮತಗಳ ಅಂತರದಿಂದ ಪಾರಾದದ್ದು ಸ್ಕಾಟ್ಲೆಂಡಿನ ಸದಸ್ಯರ ಬಲದಿಂದ. ಕಡೆಗೆ 2015ರಲ್ಲಿ, ಸ್ಪೀಕರ್ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದೆಂದು ಪ್ರಮಾಣೀಕರಿಸಿದ ಮಸೂದೆಗೆ ಅಲ್ಲಿಯ ಸದಸ್ಯರ ಒಪ್ಪಿಗೆಯನ್ನು ಕಡ್ಡಾಯ ಮಾಡಿದರು. 2021ರಲ್ಲಿ ಆ ನಿಯಮವನ್ನೇ ಕೈಬಿಟ್ಟರು.

ಕುಮಟೆಯ ಉಪನ್ಯಾಸಕಿ: ಕೈಬಿಟ್ಟದ್ದರಲ್ಲಿ ಅಚ್ಚರಿಯಿಲ್ಲ. 'ಮಾತ್ರ' ಎಂಬ ಗೆರೆಯನ್ನು ಎಲ್ಲಿ ಎಳೆಯುವುದು? 2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾನುವಾರದ ಅಂಗಡಿ ವೇಳೆಯನ್ನು ವಿಸ್ತರಿಸುವ ಪ್ರಸ್ತಾವ ಬಂದಾಗ, ತಮ್ಮ ಕಡೆಯ ಕೆಲಸಗಾರರ ಭಾನುವಾರದ ಹೆಚ್ಚುವರಿ ಸಂಬಳಕ್ಕೂ ಕುತ್ತೆಂದು ಸ್ಕಾಟಿಷ್ ರಾಷ್ಟ್ರೀಯ ಪಕ್ಷ ವಿರೋಧಿಸಿತು, ಪ್ರಸ್ತಾವ ಬಿದ್ದುಹೋಯಿತು. ನಿಮ್ಮ ಬೆಟ್ಟದ ಕಥೆಯೂ ಅದೇ ಅಲ್ಲವೇ? ಬನವಾಸಿ ದಾಟಿದ ವರದೆ ಹಾವೇರಿಗೆ ಹರಿಯುತ್ತಾಳೆ. ಮೇಲೆ ಬೆಟ್ಟ ಬೋಳಾದರೆ ಅವರೂ ಮಾತಾಡಬೇಕಾಗುತ್ತದೆ.

ಬೆಳೆಗಾರ: ವರದೆಯ ಮಾತನ್ನು ಒಪ್ಪಿದೆ, ಅಕ್ಕಾ. ಹಾಗೆಂದು ನಮ್ಮನ್ನು ಕೇಳದೆಯೇ ಮುಗಿಸಬಹುದೇ?

ವಕೀಲ: ಕೇಳಿಯೂ ಮುಗಿಸಬಹುದು. ಸಂವಿಧಾನದ 3ನೇ ವಿಧಿಯಂತೆ ರಾಜ್ಯವನ್ನು ಒಡೆಯುವ ಮಸೂದೆಯನ್ನು ಆ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ ಕಳಿಸಲೇಬೇಕು, ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ತಿರಸ್ಕರಿಸಿದ ತೆಲಂಗಾಣ ಮಸೂದೆ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ನಾಗಾಲ್ಯಾಂಡಿನದು ಬೇರೆ: 371ಎ ವಿಧಿಯಿಂದಾಗಿ, ಜಮೀನಿನ ಒಡೆತನ ಮತ್ತು ವರ್ಗಾವಣೆಯ ಕುರಿತ ಸಂಸತ್ತಿನ ಕಾಯ್ದೆ ಅಲ್ಲಿಯ ವಿಧಾನಸಭೆ ಠರಾವು ಮಾಡಿದ ಹೊರತು ಅನ್ವಯಿಸುವುದಿಲ್ಲ.

ಉಪನ್ಯಾಸಕಿ: ಆ ಬಗೆಯ ತಡೆ ಅಧಿಕಾರವನ್ನು ಒಂದೊಂದು ಜಿಲ್ಲೆಗೂ ಕೊಡಲಾದೀತೇ?

ಬೆಳೆಗಾರ: ತಡೆಯುವ ಅಧಿಕಾರ ನನಗೂ ಬೇಡ. ಕಲಂವಾರು ಚರ್ಚೆಗೆ ಮುಂಚೆ ಮಸೂದೆಯನ್ನು ಪರಿಶೀಲಿಸುವ ಸದನದ ಆಯ್ಕೆ ಸಮಿತಿಯವರು ಶಿರಸಿಗೆ ಬಂದು, ಒಂದು ಬೆಳಗು ಬೆಟ್ಟ ಹತ್ತಿ, ಹೊರೆ ಸೊಪ್ಪಿನಿಂದ ಎಷ್ಟು ಮರದ ಬುಡ ಮುಚ್ಚುತ್ತದೆಂದು ನೋಡಲಿ.

ವಕೀಲ: ಅದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಮಸೂದೆಯನ್ನು ಸಮಿತಿಗೆ ಒಪ್ಪಿಸುವ ಪ್ರಸ್ತಾವವನ್ನು ಆ ಆರು ಜನರಲ್ಲಿ ಒಬ್ಬರು ಮಂಡಿಸಿ, ಸದನ ಒಪ್ಪಿದರೆ ಸಾಕು.